ಎಷ್ಟು ದಿನದ ರಕ್ಷಣೆ? ಹಾಫ್‌ಕಿನ್ ಬಿಟ್ಟುಹೋದ ಲೆಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸೀಮೆಯಲ್ಲಿರುವ ಸೀತೂರಿನಂತಹ ಊರುಗಳಲ್ಲಿ ಮಳೆಗಾಲ ಕಳೆದು ಕಾಡಿನ ನೆಲ ಒಣಗತೊಡಗಿತೆಂದರೆ ಮಂಗನ ಕಾಯಿಲೆಯ ಆತಂಕ ಆರಂಭವಾಗುತ್ತದೆ. ಸೊಪ್ಪಿಗೆ, ಸೌದೆಗೆ, ದರಗಿಗೆ ಕಾಡಿಗೆ ಹೋಗದೆ ಮಲೆನಾಡಿನ ಬದುಕು ಸಾಗದು. ಹೋದವರ ಮೈಗೆ ಉಣುಗು ಹತ್ತದೆ ಇರುವುದೂ ಕಷ್ಟ. 2024ರಲ್ಲಿ ಈ ಸೀಮೆಯ ತಾಲ್ಲೂಕುಗಳಲ್ಲಿ ಕಾಯಿಲೆ ಕಾಣಿಸಿಕೊಂಡಾಗ ಜನ ಕೇಳಿದ ಮೊದಲ ಪ್ರಶ್ನೆ ಲಸಿಕೆಯ ಬಗ್ಗೆಯೇ ಆಗಿತ್ತು. ಆದರೆ ಕೊಡಲು ಲಸಿಕೆ ಇರಲಿಲ್ಲ. ದಶಕಗಳ ಕಾಲ ಬಳಕೆಯಲ್ಲಿದ್ದ ಹಳೆಯ ಲಸಿಕೆಯನ್ನು ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂಬ ಕಾರಣಕ್ಕೆ 2022ರಲ್ಲಿ ನಿಲ್ಲಿಸಲಾಗಿತ್ತು. ಜ್ವರ ಬಂದವರ ಮನೆಗೆ ಹೋಗಬೇಕಾದ ಆಶಾ ಕಾರ್ಯಕರ್ತೆ, ರಕ್ತದ ಮಾದರಿ ತೆಗೆಯಬೇಕಾದ ಪ್ರಯೋಗಾಲಯ ಸಿಬ್ಬಂದಿ, ಮಂಗ ಸತ್ತ ಜಾಗಕ್ಕೆ ಧಾವಿಸಬೇಕಾದ ನೌಕರ ಇವರೆಲ್ಲರ ಪಾಲಿಗೆ ಉಳಿದದ್ದು ಮೈಗೆ ಹಚ್ಚಿಕೊಳ್ಳುವ ತೈಲ ಮತ್ತು ಎಚ್ಚರಿಕೆಯ ಮಾತು ಮಾತ್ರ.

ಲಸಿಕೆ ಕೆಲಸ ಮಾಡುತ್ತದೆಯೇ ಎಂದು ಕೇಳುವುದು ನಮಗೆ ರೂಢಿ. ಎಷ್ಟು ದಿನ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಹೆಚ್ಚಾಗಿ ತಡವಾಗಿ ಬರುತ್ತದೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರಿಗೆ ಈ ಎರಡನೆಯ ಪ್ರಶ್ನೆಯೇ ಜೀವನ್ಮರಣದ ಪ್ರಶ್ನೆ. ಕೋವಿಡ್ ಕಾಲದಲ್ಲಿ ಅದನ್ನು ದೇಶವೇ ಎದುರಿಸಿತು. 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದಲೇ ಆರಂಭವಾದ ಲಸಿಕಾ ಅಭಿಯಾನದ ರಕ್ಷಣೆ ತಿಂಗಳುಗಳಲ್ಲೇ ಕ್ಷೀಣಿಸುತ್ತಿದೆ ಎಂದು ತಿಳಿದಾಗ, 2022ರ ಜನವರಿ 10ರಿಂದ ಅವರಿಗೆ ಮುನ್ನೆಚ್ಚರಿಕೆ ಡೋಸ್ ನೀಡಲಾಯಿತು. ಅದಕ್ಕೆ ಸರಿಯಾಗಿ 125 ವರ್ಷಗಳ ಹಿಂದೆ, 1897ರ ಜನವರಿ 10ರಂದು, ಮುಂಬಯಿಯಲ್ಲಿ ವಿಜ್ಞಾನಿಯೊಬ್ಬರು ತಾವೇ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಸಿಕೊಂಡಿದ್ದರು. ಅವರು ವಾಲ್ಡೆಮಾರ್ ಹಾಫ್‌ಕಿನ್. ದಿನಾಂಕಗಳ ಈ ಹೊಂದಾಣಿಕೆ ಆಕಸ್ಮಿಕ. ಆದರೆ ಲಸಿಕೆಯ ರಕ್ಷಣೆಗೆ ಅವಧಿಯುಂಟು, ಅದನ್ನು ಎಣಿಸಿಯೇ ತಿಳಿಯಬೇಕು ಎಂಬ ಪಾಠವನ್ನು ಈ ನೆಲದಲ್ಲಿ ಮೊದಲಿಗೆ ವ್ಯವಸ್ಥಿತವಾಗಿ ಕಲಿಸಿದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ. ಅಂದು ಅದು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿತ್ತು. ಯಹೂದಿ ಕುಟುಂಬ. ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ದೊರೆತವರು ಇಲ್ಯಾ ಮೆಚ್ನಿಕಾಫ್. ದೇಹದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ತೋರಿಸಿ, ಮುಂದೆ 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮಹಾನುಭಾವ. ಯಹೂದಿಗಳ ಮೇಲೆ ದೊಂಬಿಗಳು ನಡೆದ ಕಾಲವದು. ತಮ್ಮವರ ರಕ್ಷಣೆಗೆ ನಿಂತ ತರುಣ ಹಾಫ್‌ಕಿನ್ ಗಾಯಗೊಂಡರು, ಬಂಧನಕ್ಕೂ ಒಳಗಾದರು. ಮೆಚ್ನಿಕಾಫ್ ಮಧ್ಯಪ್ರವೇಶಿಸಿದ್ದರಿಂದ ಬಿಡುಗಡೆಯಾಯಿತು. ಮತಾಂತರವಾದರೆ ಅಧ್ಯಾಪಕ ಹುದ್ದೆ ದೊರೆಯುವ ಅವಕಾಶವಿತ್ತು. ಅವರು ಒಪ್ಪಲಿಲ್ಲ. ಒಡೆಸ್ಸಾದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಕೆಲವು ವರ್ಷ ದುಡಿದು 1888ರಲ್ಲಿ ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಸಿಕ್ಕ ಕೆಲಸ ಗ್ರಂಥಪಾಲಕನದು. ಹಗಲು ಪುಸ್ತಕ, ಉಳಿದ ವೇಳೆಯೆಲ್ಲ ಪ್ರಯೋಗಾಲಯ.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಕಾಲರಾವನ್ನು. 1892ರ ಜುಲೈ 18ರಂದು ತಾವು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಪ್ಯಾರಿಸ್ಸಿನಲ್ಲಿ ಸುರಕ್ಷಿತವೆಂದು ತೋರಿದ ಮಾತ್ರಕ್ಕೆ ಲಸಿಕೆ ರಕ್ಷಿಸುತ್ತದೆಂದು ಹೇಳಲಾಗದು. ರೋಗ ನಿಜವಾಗಿ ಹರಡುತ್ತಿರುವಲ್ಲಿ ಪರೀಕ್ಷೆಯಾಗಬೇಕು. ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ಸಲಹೆಯಂತೆ, 1893ರಲ್ಲಿ ಹಾಫ್‌ಕಿನ್ ಕಲ್ಕತ್ತೆಗೆ ಬಂದಿಳಿದರು. ಮುಂದಿನ ಎರಡೂವರೆ ವರ್ಷಗಳಲ್ಲಿ ಉತ್ತರ ಭಾರತ, ಬಂಗಾಳ, ಅಸ್ಸಾಮುಗಳಲ್ಲಿ ಸುಮಾರು 42 ಸಾವಿರ ಜನರಿಗೆ ಲಸಿಕೆ ಹಾಕಿದರು.

ಹಾಫ್‌ಕಿನ್ ಅವರ ನಿಜವಾದ ವೈಶಿಷ್ಟ್ಯ ಇಲ್ಲಿ ಕಾಣುತ್ತದೆ. ಅವರು ಹಾಕಿದ ಪ್ರತಿ ಚುಚ್ಚುಮದ್ದಿಗೂ ಲೆಕ್ಕವಿರುತ್ತಿತ್ತು. ಕಲ್ಕತ್ತೆಯ ಕೊಳೆಗೇರಿಗಳಲ್ಲಿ ಒಂದೇ ಮನೆಯೊಳಗೆ ಲಸಿಕೆ ಪಡೆದವರು, ಪಡೆಯದವರು ಇಬ್ಬರೂ ಇದ್ದರು; ಒಂದೇ ನೀರು ಕುಡಿದು, ಒಂದೇ ಅಡುಗೆ ಉಂಡವರು. ಅವರಲ್ಲಿ ಯಾರಿಗೆ ಕಾಯಿಲೆ ಬಂತು, ಯಾವ ದಿನ ಬಂತು ಎಂಬುದನ್ನು ನಗರದ ಆರೋಗ್ಯಾಧಿಕಾರಿ ಸಿಂಪ್ಸನ್ ಅವರ ನೆರವಿನಿಂದ ಬರೆದಿಡಲಾಯಿತು. ಲಸಿಕೆ ಹಾಕಿದ ಮೊದಲ ಐದು ದಿನ ರಕ್ಷಣೆ ಕಾಣಲಿಲ್ಲ. ಬಳಿಕ ಸುಮಾರು 14 ತಿಂಗಳು ಕಾಲರಾ ಸಾವು ಬಹಳ ಕಡಿಮೆಯಿತ್ತು. ಆಮೇಲೆ ಲಸಿಕೆ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ ಅಳಿಸಿಹೋಯಿತು. ತಮ್ಮ ಲಸಿಕೆಯ ಶಕ್ತಿ ಒಂದು ವರ್ಷದ ಆಚೀಚೆ ಮುಗಿಯುತ್ತದೆಂಬ ಈ ಸಂಗತಿಯನ್ನು ಹಾಫ್‌ಕಿನ್ ಮುಚ್ಚಿಡಲಿಲ್ಲ. ಸ್ವತಃ ಮಂಡಿಸಿದರು. ಆ ತಲೆಮಾರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಸಿಡುಬಿಗೆ ಗೋವಿನ ಸಿಡುಬಿನ ಮದ್ದು ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಅದರ ರಕ್ಷಣೆ ಜೀವನಪರ್ಯಂತ ಎಂದೇ ನಂಬಿದ್ದರು. ಮತ್ತೆ ಮತ್ತೆ ಹಾಕಿಸಬೇಕೆಂಬುದನ್ನು ಯೂರೋಪು ಅನೇಕ ಸಾವುಗಳ ನಂತರ ಅರಿಯಿತು.

ಮಲೇರಿಯಾದಿಂದ ಬಳಲಿ 1895ರಲ್ಲಿ ಯೂರೋಪಿಗೆ ಮರಳಿದ ಹಾಫ್‌ಕಿನ್ ಮರುವರ್ಷ ಮತ್ತೆ ಬಂದರು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದ್ದರು. ಸರ್ಕಾರದ ಕರೆಯ ಮೇರೆಗೆ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದ ಹಾಫ್‌ಕಿನ್‌ಗೆ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು ಸಿಕ್ಕರು. ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. ಮಾಂಸದ ಸಾರಿನಲ್ಲಿ ಪ್ಲೇಗಿನ ಬ್ಯಾಸಿಲಸ್ ಬೆಳೆಸಿ, ಬಿಸಿಮಾಡಿ ಕೊಂದು, ಆ ಸತ್ತ ರೋಗಾಣುಗಳ ದ್ರವವನ್ನೇ ಮದ್ದಾಗಿ ಬಳಸಿದರು. ಜನವರಿ 10ರಂದು ತಾವು ಚುಚ್ಚಿಸಿಕೊಂಡ ಪ್ರಮಾಣ ಮುಂದೆ ಸಾರ್ವಜನಿಕರಿಗೆ ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನದಾಗಿತ್ತು. ಜ್ವರ, ನೋವು ಬಂದವು, ಹೋದವು. ತಿಂಗಳ ಕೊನೆಯಲ್ಲಿ ಬೈಕುಲಾ ಜೈಲಿನಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರೊಂದಿಗೆ ಹೋಲಿಸಿ ನೋಡಿದರು.

ಪ್ಲೇಗು ಶುಶ್ರೂಷಕರನ್ನು ಹೇಗೆ ಬಲಿ ತೆಗೆದುಕೊಳ್ಳುತ್ತಿತ್ತು ಎಂಬುದಕ್ಕೆ ಅದೇ ವರ್ಷದ ಒಂದು ಸಾವು ಸಾಕ್ಷಿ. ಪುಣೆಯಲ್ಲಿ ಪ್ಲೇಗು ರೋಗಿಗಳ ಆರೈಕೆಗೆ ನಿಂತಿದ್ದ ಸಾವಿತ್ರಿಬಾಯಿ ಫುಲೆ 1897ರ ಮಾರ್ಚ್ 10ರಂದು ಅದೇ ರೋಗಕ್ಕೆ ಬಲಿಯಾದರು. ಮರುವರ್ಷ ವಿಯೆನ್ನಾ ನಗರದಲ್ಲಿ, ಮುಂಬಯಿಯಿಂದ ಒಯ್ದ ಪ್ಲೇಗಿನ ರೋಗಾಣುಗಳ ಅಧ್ಯಯನ ನಡೆಯುತ್ತಿದ್ದ ಪ್ರಯೋಗಾಲಯದ ಸಹಾಯಕ ಮೊದಲು ಸತ್ತರು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರು, ಆರೈಕೆ ಮಾಡಿದ ದಾದಿ ಅನಂತರ ಸತ್ತರು. ಸೋಂಕು ಯಾವ ದಾರಿಯಲ್ಲಿ ಸಾಗುತ್ತದೆಂಬುದನ್ನು ಈ ಮೂರು ಸಾವುಗಳಷ್ಟು ಸ್ಪಷ್ಟವಾಗಿ ಹೇಳುವ ಉದಾಹರಣೆ ಕಡಿಮೆ. ಸಾಮಾನ್ಯ ನಾಗರಿಕನಿಗೆ ಸೋಂಕಿನ ಸಂಪರ್ಕ ಎಂದೋ ಒಮ್ಮೆ. ಆರೋಗ್ಯ ಸಿಬ್ಬಂದಿಗೆ ಪ್ರತಿದಿನ. ಆದ್ದರಿಂದ ರಕ್ಷಣೆ ಕ್ಷೀಣಿಸಿದ ದಿನ ಯಾವುದೆಂದು ಅವರಿಗೆ ತಿಳಿದಿರಲೇಬೇಕು.

1898ರಲ್ಲಿ ಪ್ಲೇಗು ಕನ್ನಡ ನಾಡನ್ನು ಆವರಿಸಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಹುಬ್ಬಳ್ಳಿ, ಗದಗುಗಳು ತತ್ತರಿಸಿದವು. ಆಗಸ್ಟಿನಲ್ಲಿ ರೋಗ ಬೆಂಗಳೂರಿಗೂ ಬಂತು. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಆ ಕಾಲದ ನೆನಪಾಗಿ ನಮ್ಮ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿಯಿತು. ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ವಿಸ್ತಾರವಾಗಿ ಬೆಳೆದದ್ದೂ ಆ ಭೀತಿಯ ನಂತರವೇ. ಹುಬ್ಬಳ್ಳಿಯಲ್ಲಿ ಆ ವರ್ಷ ಊರಿನ ಬಹುಪಾಲು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಲಾಯಿತು. ಅಷ್ಟು ದೊಡ್ಡ ಪ್ರಮಾಣದ ಪ್ರಯೋಗ ಆಗ ಜಗತ್ತಿನಲ್ಲೇ ಅಪರೂಪ. ಆ ಲಸಿಕೆ ಸುಲಭದ್ದಾಗಿರಲಿಲ್ಲ. ಕೈ ಬಾತು, ಜ್ವರ ಬಂದು, ಒಂದೆರಡು ದಿನದ ಕೂಲಿ ಹೋಗುತ್ತಿತ್ತು. ಅದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಿ ಎನ್ನಬೇಕಾದರೆ ರಕ್ಷಣೆ ಎಷ್ಟು ದಿನದ್ದೆಂದು ಹೇಳಬೇಕಿತ್ತು.

ಲಸಿಕೆಯ ಪರಿಣಾಮಕ್ಕೆ ಅತ್ಯಂತ ಸ್ವಚ್ಛವಾದ ಸಾಕ್ಷ್ಯ ದೊರೆತದ್ದು ಬರೋಡದ ಬಳಿಯ ಉಂಢೇರಾ ಎಂಬ ಸಣ್ಣ ಹಳ್ಳಿಯಲ್ಲಿ. 1898ರಲ್ಲಿ ಅಲ್ಲಿನ ಕುಟುಂಬಗಳಲ್ಲಿ ಸರಿಸುಮಾರು ಅರ್ಧದಷ್ಟು ಸದಸ್ಯರಿಗೆ ಲಸಿಕೆ ಹಾಕಿ ಉಳಿದವರನ್ನು ಹಾಗೆಯೇ ಬಿಡಲಾಯಿತು. ರೋಗ ತಗಲಿದ ಮನೆಗಳಲ್ಲಿ ಲಸಿಕೆ ಪಡೆಯದ 64 ಮಂದಿಯಲ್ಲಿ 26 ಮಂದಿ ಸತ್ತರು. ಪಡೆದ 71 ಮಂದಿಯಲ್ಲಿ ಮೂವರು. ಇಂದಿನ ನೈತಿಕ ನಿಯಮಗಳು ಇಂತಹ ಪರೀಕ್ಷೆಯನ್ನು ಈ ರೀತಿಯಲ್ಲಿ ಒಪ್ಪಲಾರವು. ಆದರೆ ಅಂಕಿಗಳ ಮಾತು ಸ್ಪಷ್ಟವಾಗಿತ್ತು.

ಎಡಿನ್‌ಬರೋದ ಪ್ರಾಧ್ಯಾಪಕ ಥಾಮಸ್ ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗು ಆಯೋಗ 1898 ಮತ್ತು 1899ರಲ್ಲಿ ಈ ಲೆಕ್ಕಗಳನ್ನೆಲ್ಲ ಜಾಲಾಡಿತು. ಹಲವೆಡೆ ಜನಸಂಖ್ಯೆಯ ಅಂದಾಜಿನಲ್ಲಿ, ದಾಖಲೆಗಳಲ್ಲಿ ಲೋಪಗಳಿವೆ ಎಂದಿತು. ಲಸಿಕೆ ರೋಗವನ್ನೂ ಸಾವನ್ನೂ ಗಣನೀಯವಾಗಿ ಕಡಿಮೆ ಮಾಡುತ್ತದೆ, ಆದರೆ ಪೂರ್ಣ ರಕ್ಷಣೆ ನೀಡದು ಎಂದು ಒಪ್ಪಿತು. ರಕ್ಷಣೆಯ ಅವಧಿಯ ಬಗ್ಗೆ ಮಾತ್ರ ಬಹಳ ಎಚ್ಚರದಿಂದ ಮಾತಾಡಿತು. ಮೊದಲ ಕೆಲವು ದಿನ ರಕ್ಷಣೆ ಇರುವುದಿಲ್ಲ. ಬಳಿಕ ಹಲವು ವಾರಗಳ ಮಟ್ಟಿಗಂತೂ ಇರುತ್ತದೆ, ಬಹುಶಃ ಕೆಲವು ತಿಂಗಳು ಇರಬಹುದು ಎಂಬುದಷ್ಟೇ ಅದರ ತೀರ್ಮಾನ. ಹೀಗಾಗಿ ಪ್ಲೇಗು ಮರಳಿದಾಗಲೆಲ್ಲ ಲಸಿಕೆಯೂ ಮರಳಿ ಬರಬೇಕಾಯಿತು.

ಕೆಲವು ಲಸಿಕೆಗಳ ರಕ್ಷಣೆ ದಶಕಗಳ ಕಾಲ ಬಾಳುವುದೇಕೆ, ಕೆಲವುಗಳದ್ದು ತಿಂಗಳುಗಳಲ್ಲೇ ಕರಗುವುದೇಕೆ? ಇಂದಿನ ವಿಜ್ಞಾನ ಇದಕ್ಕೆ ಸಾಕಷ್ಟು ಉತ್ತರ ಕೊಟ್ಟಿದೆ. ಲಸಿಕೆಯ ನಂತರ ರಕ್ತದಲ್ಲಿ ಏರುವ ಪ್ರತಿಕಾಯಗಳು ಕಾಲಕ್ರಮದಲ್ಲಿ ಇಳಿಯುತ್ತವೆ. ಆದರೆ ರೋಗಾಣುವಿನ ಗುರುತನ್ನು ಹಿಡಿದಿಟ್ಟ ನೆನಪಿನ ಕೋಶಗಳು ಉಳಿದಿರುತ್ತವೆ. ಅವು ಎಚ್ಚೆತ್ತು ಹೊಸ ಪ್ರತಿಕಾಯಗಳನ್ನು ತಯಾರಿಸಲು ಕೆಲವು ದಿನ ಬೇಕು. ಹೆಪಟೈಟಿಸ್-ಬಿ ವೈರಸ್ ರೋಗ ತರಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ನೆನಪಿನ ಕೋಶಗಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಆದ್ದರಿಂದಲೇ ಆಸ್ಪತ್ರೆಯ ಸಿಬ್ಬಂದಿ ಮೂರು ಡೋಸ್ ಪಡೆದು, ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಸಾಕಷ್ಟಿದೆ ಎಂದು ಒಮ್ಮೆ ಖಚಿತವಾದರೆ, ಆ ಮಟ್ಟ ಮುಂದೆ ಇಳಿದರೂ ರಕ್ಷಣೆ ದಶಕಗಳ ಕಾಲ ಇರುತ್ತದೆ. ಪ್ಲೇಗಿಗೆ ಅಷ್ಟು ತಾಳ್ಮೆಯಿಲ್ಲ. ಸೋಂಕು ತಗಲಿದ ಕೆಲವೇ ದಿನಗಳಲ್ಲಿ ಅದು ಮೇಲೆರಗುತ್ತದೆ. ಕೋವಿಡ್ ಮತ್ತು ಮಂಗನ ಕಾಯಿಲೆಯೂ ದಿನಗಳ ಲೆಕ್ಕದವೇ. ಇಂತಹ ರೋಗಗಳ ಮುಂದೆ ಸೋಂಕು ತಗಲುವ ಹೊತ್ತಿನಲ್ಲೇ ಪ್ರತಿಕಾಯ ಸಿದ್ಧವಿರಬೇಕು. ಕೋವಿಡ್ ಮುನ್ನೆಚ್ಚರಿಕೆ ಡೋಸಿನ ಅಂತರವನ್ನು ಒಂಬತ್ತು ತಿಂಗಳಿಂದ ಆರು ತಿಂಗಳಿಗೆ 2022ರ ಜುಲೈನಲ್ಲಿ ಇಳಿಸಿದ್ದರ ಹಿಂದೆಯೂ ರಕ್ಷಣೆ ಬೇಗ ಕ್ಷೀಣಿಸುತ್ತದೆಂಬ ಅರಿವಿತ್ತು.

ಹಾಫ್‌ಕಿನ್ ಬದುಕಿನ ದುರಂತವೂ ದಾಖಲೆಯ ಪ್ರಶ್ನೆಯೇ ಆಗಿತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಉಳಿದ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಮುಂಬಯಿಯ ಪ್ರಯೋಗಾಲಯದಲ್ಲೇ ಸೀಸೆ ಮಲಿನವಾಗಿತ್ತೆಂದು ವಿಚಾರಣಾ ಆಯೋಗ ಶಂಕಿಸಿತು. ಕ್ರಿಮಿನಾಶದ ವಿಧಾನದಲ್ಲಿ ಹಾಫ್‌ಕಿನ್ ಮಾಡಿದ್ದ ಬದಲಾವಣೆಯತ್ತ ಬೆರಳು ತೋರಿಸಿತು. ಅವರನ್ನು ಹುದ್ದೆಯಿಂದ ದೂರವಿಡಲಾಯಿತು. ಜಗತ್ತಿನ ಕಣ್ಣಿನಲ್ಲಿ 19 ಸಾವುಗಳ ಹೊಣೆ ಹೊತ್ತು ಅವರು 1904ರಲ್ಲಿ ಭಾರತ ಬಿಟ್ಟರು.

ಸೀಸೆ ತೆರೆಯುವಾಗ ಬಳಸಿದ ಚಿಮ್ಮಟ ಮುಲ್ಕೊವಾಲ್‌ನಲ್ಲಿ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು ಎಂಬ ಸಂಗತಿ ದಾಖಲೆಯಲ್ಲೇ ಇತ್ತು. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿರುತ್ತವೆ. ಸೀಸೆಯೊಳಗೆ ವಾರಗಟ್ಟಲೆ ಮೊದಲೇ ಅವು ಬೆಳೆದಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು, ಬಂದದ್ದಕ್ಕೆ ಸಾಕ್ಷ್ಯವಿರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಪರಿಶೀಲನೆಯೂ ಮಾಲಿನ್ಯ ಸೀಸೆ ತೆರೆದ ಜಾಗದಲ್ಲೇ ಆಗಿರುವ ಸಾಧ್ಯತೆಯನ್ನು ಎತ್ತಿಹಿಡಿಯಿತು. ಆದರೂ ನ್ಯಾಯ ಸಿಗಲು ವರ್ಷಗಳು ಹಿಡಿದವು. 1907ರ ಜುಲೈನಲ್ಲಿ ರೊನಾಲ್ಡ್ ರಾಸ್ ಸೇರಿದಂತೆ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬಹಿರಂಗ ಪತ್ರ ಬರೆದು ಅವರ ಪರ ನಿಂತರು. ಕೊನೆಗೆ ಸರ್ಕಾರ ಅವರನ್ನು ಮರಳಿ ಕರೆಯಿತು. ಆದರೆ ಮುಂಬಯಿಯ ತಮ್ಮ ಪ್ರಯೋಗಾಲಯಕ್ಕೆ ಅವರು ಮರಳಲಾಗಲಿಲ್ಲ. ಕಲ್ಕತ್ತೆಯಲ್ಲಿ ಸಿಕ್ಕ ಹುದ್ದೆಯಲ್ಲಿ ಜನರ ನಡುವೆ ಲಸಿಕೆ ಪರೀಕ್ಷಿಸುವ ಅವಕಾಶವಿರಲಿಲ್ಲ. 1914ರಲ್ಲಿ ನಿವೃತ್ತರಾದರು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳನ್ನು ಧಾರ್ಮಿಕ ಅಧ್ಯಯನದಲ್ಲಿ ಕಳೆದು, ತಮ್ಮ ಆಸ್ತಿಯನ್ನು ಯಹೂದಿ ಧಾರ್ಮಿಕ ಶಿಕ್ಷಣಕ್ಕೆ ಮುಡಿಪಾಗಿಟ್ಟು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕಣ್ಮುಚ್ಚಿದರು. ಅದಕ್ಕೆ ಐದು ವರ್ಷ ಮೊದಲು, 1925ರಲ್ಲಿ, ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಗಿತ್ತು. ಆ ವೇಳೆಗೆ ಅಲ್ಲಿಂದ ಹೊರಗೆ ಹೋಗಿದ್ದ ಪ್ಲೇಗು ಲಸಿಕೆಯ ಡೋಸುಗಳು ಎರಡೂವರೆ ಕೋಟಿಗೂ ಹೆಚ್ಚು.

ಈಗ ಮಲೆನಾಡಿನ ಕಡೆ ನೋಡೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ವೈರಸ್‌ಗೆ ವಿಶಿಷ್ಟ ಔಷಧಿ ಇಂದಿಗೂ ಇಲ್ಲ. ಹಾಫ್‌ಕಿನ್ ಲಸಿಕೆಯಂತೆ ಇದರ ಹಳೆಯ ಲಸಿಕೆಯೂ ಕೊಂದ ರೋಗಾಣುವಿನದೇ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ್ದು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು, ಆಮೇಲೆ ವರ್ಷವರ್ಷ ಮತ್ತೊಂದು. ಈ ವೇಳಾಪಟ್ಟಿಯೇ ಅದರ ರಕ್ಷಣೆ ಅಲ್ಪಾಯು ಎಂದು ಹೇಳುತ್ತಿತ್ತು. ನೋವು ಕೊಡುವ ಸೂಜಿಗೆ ವರ್ಷವರ್ಷ ತೋಳೊಡ್ಡಲು ಜನ ಹಿಂಜರಿದರು. ಎರಡು ಡೋಸ್ ಪಡೆದವರೇ ಹಲವರು ಮೂರನೆಯದಕ್ಕೆ ಬರಲಿಲ್ಲ. 2005ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಡೋಸಿನ ಪರಿಣಾಮಕಾರಿತ್ವ ಶೇ 62.4, ಬೂಸ್ಟರ್ ಪಡೆದರೆ ಶೇ 82.9 ಎಂದು ಅಂದಾಜಿಸಿತ್ತು. ಲಸಿಕೆ ವ್ಯಾಪಕ ಬಳಕೆಗೆ ಬಂದು ಎರಡು ದಶಕಗಳ ನಂತರ ಸಿಕ್ಕ ಉತ್ತರವಿದು. ಆ ಬಳಿಕದ ವರ್ಷಗಳಲ್ಲಿ ಅಷ್ಟು ರಕ್ಷಣೆಯೂ ಕಾಣದೆ ಹೋದಾಗ ಲಸಿಕೆಯೇ ನಿಂತಿತು. ಎರಡೂವರೆ ವರ್ಷದಲ್ಲಿ, ಕೈಬರಹದ ಪುಸ್ತಕಗಳಲ್ಲಿ, ಕಲ್ಕತ್ತೆಯ ಕೊಳೆಗೇರಿಗಳಿಂದ ಹಾಫ್‌ಕಿನ್ ಪಡೆದಂತಹ ಉತ್ತರಕ್ಕೆ ನಾವು ಇಷ್ಟು ಕಾಲ ಕಾದೆವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕೂಡಿ ಹೊಸ ಲಸಿಕೆ ಸಿದ್ಧಪಡಿಸುವ ಕೆಲಸ ಕೈಗೊಂಡಿವೆ. ಅದು ಮಲೆನಾಡಿಗೆ ಬರುವ ದಿನ ಸ್ವಾಗತಾರ್ಹವೇ. ಆದರೆ ಸೂಜಿಯ ಜೊತೆಗೆ ಪುಸ್ತಕವೂ ಬರಬೇಕು. ಮೊದಲು ಲಸಿಕೆ ಪಡೆಯಬೇಕಾದವರು ಕಾಡಿಗೂ ರೋಗಿಗಳ ಬಳಿಗೂ ಪ್ರತಿದಿನ ಹೋಗುವ ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿ, ಪ್ರಯೋಗಾಲಯ ತಂತ್ರಜ್ಞರು, ಅರಣ್ಯ ಮತ್ತು ಪಶುವೈದ್ಯ ಇಲಾಖೆಗಳ ನೌಕರರು. ಅವರ ಹೆಸರು, ಡೋಸಿನ ದಿನಾಂಕ, ಸೀಸೆಯ ಬ್ಯಾಚ್ ಸಂಖ್ಯೆ ದಾಖಲಾಗಬೇಕು. ನಿಯತ ಅವಧಿಗಳಲ್ಲಿ ಅವರ ಪ್ರತಿಕಾಯಗಳ ಮಟ್ಟವನ್ನು ಅಳೆಯಬೇಕು. ಲಸಿಕೆ ಪಡೆದವರಿಗೂ ಕಾಯಿಲೆ ಬಂದರೆ ಎಷ್ಟನೆಯ ತಿಂಗಳಲ್ಲಿ ಬಂತೆಂದು ಬರೆಯಬೇಕು, ಬರೆದದ್ದನ್ನು ಪ್ರಕಟಿಸಬೇಕು. ಇವರು ಸಂಖ್ಯೆಯಲ್ಲಿ ಹೆಚ್ಚಲ್ಲ, ಗುರುತಿಸಲು ಸುಲಭ, ಸರ್ಕಾರದ ಸಂಪರ್ಕದಲ್ಲಿರುವವರು. ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿ ಮನಸ್ಸು ಮಾಡಿದರೆ ಆಗುವ ಕೆಲಸ.

ರಕ್ಷಣೆಗೆ ಅವಧಿಯಿದೆ ಎಂದು ಹೇಳಿದರೆ ಜನ ಲಸಿಕೆಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ ಎಂಬ ಅಳುಕು ಆಡಳಿತಕ್ಕೆ ಸಾಮಾನ್ಯ. ಅನುಭವ ಬೇರೆಯದನ್ನೇ ಹೇಳುತ್ತದೆ. ಲಸಿಕೆ ಹಾಕಿಸಿಕೊಂಡ ನೆರೆಯವನಿಗೆ ಕಾಯಿಲೆ ಬಂದಾಗ, ಅದು ಏಕೆ ಬಂತೆಂದು ಯಾರೂ ವಿವರಿಸದಿದ್ದಾಗ ನಂಬಿಕೆ ಮುರಿಯುತ್ತದೆ. ತಮ್ಮ ಕಾಲರಾ ಲಸಿಕೆ ಸುಮಾರು 14 ತಿಂಗಳಿಗೆ ಶಕ್ತಿ ಕಳೆದುಕೊಳ್ಳುತ್ತದೆಂದು ಹಾಫ್‌ಕಿನ್ ಅವರೇ ಹೇಳಿದ ಮೇಲೂ ಮುಂಬಯಿ, ಹುಬ್ಬಳ್ಳಿಗಳಲ್ಲಿ ಸಾವಿರಾರು ಜನ ಅವರ ಇನ್ನೊಂದು ಲಸಿಕೆಗೆ ತೋಳೊಡ್ಡಿದರು. ಸೀತೂರಿನ ಜನರಿಗೂ, ಅವರ ಮನೆಬಾಗಿಲಿಗೆ ಹೋಗುವ ಕಾರ್ಯಕರ್ತೆಗೂ ಆ ಮಟ್ಟದ ಸ್ಪಷ್ಟ ಉತ್ತರವನ್ನು ಕೇಳುವ ಹಕ್ಕಿದೆ. ಹೊಸ ಲಸಿಕೆಯ ಮೊದಲ ಡೋಸ್ ಬೀಳುವ ದಿನದಿಂದಲೇ ಆ ಎಣಿಕೆ ಶುರುವಾಗಬೇಕು.